ಜಗ್ಗದ ಸೀಟ್‌ಪೋಸ್ಟ್

ಎಂಟನೇ ತರಗತಿಗೆ ಸೇರಿದ ಹುಡುಗ ಹತ್ತನೇ ತರಗತಿ ಮುಗಿಸುವಷ್ಟರಲ್ಲಿ ನಾಲ್ಕೈದು ಇಂಚು ಬೆಳೆದಿರುತ್ತಾನೆ. ಅವನ ಸೈಕಲ್ಲಿನ ಫ್ರೇಮ್ ಬೆಳೆಯುವುದಿಲ್ಲ, ಅವನ ಜೊತೆ ಏರಬಲ್ಲದ್ದು ಸೀಟೊಂದೇ. ಕರ್ನಾಟಕದಲ್ಲಿ 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ ಮೇಲೆ, ಹಳ್ಳಿ ರಸ್ತೆಗಳಲ್ಲಿ ಬೆಳಗ್ಗೆ ಒಂಬತ್ತರ ಸುಮಾರಿಗೆ ಸಾಲಾಗಿ ಹೋಗುವ ಸೈಕಲ್ಲುಗಳನ್ನು ನೋಡುವುದೇ ಒಂದು ಸಂತೋಷವಾಗಿತ್ತು. ಆ ಸಾಲಿನಲ್ಲಿ ಒಂದು ಸಂಗತಿ ಮಾತ್ರ ನನ್ನನ್ನು ಕಾಡುತ್ತಿತ್ತು. ಎತ್ತರದ ಮಕ್ಕಳಲ್ಲಿ ಹಲವರು ಮೊಣಕಾಲನ್ನು ಹ್ಯಾಂಡಲ್ಲಿನ ತನಕ ಎತ್ತಿ ಎತ್ತಿ ತುಳಿಯುತ್ತಿದ್ದರು. ಸೀಟು ಮೇಲೇರಿಸಿಕೊಳ್ಳಬಾರದೇ ಎಂದು ಕೇಳಿದರೆ ಸಿಗುತ್ತಿದ್ದ ಉತ್ತರ ಒಂದೇ: "ಬರಲ್ಲ ಸಾರ್, ಜಾಮ್ ಆಗಿದೆ."

ಇದು ಸಣ್ಣ ತೊಂದರೆಯಲ್ಲ. ಪೆಡಲ್ ತೀರ ಕೆಳಗೆ ಬಂದಾಗ ಮೊಣಕಾಲು 25ರಿಂದ 35 ಡಿಗ್ರಿಯಷ್ಟು ಮಾತ್ರ ಬಾಗಿರಬೇಕು. ಸೀಟು ಅದಕ್ಕಿಂತ ತಗ್ಗಿದ್ದರೆ ಪ್ರತಿ ತುಳಿತದಲ್ಲೂ ಮಂಡಿಚಿಪ್ಪಿನ ಮೇಲೆ ಹೆಚ್ಚುವರಿ ಒತ್ತಡ ಬೀಳುತ್ತದೆ, ತೊಡೆ ಬೇಗ ಸೋಲುತ್ತದೆ. ಐದಾರು ಕಿಲೋಮೀಟರ್ ದೂರದ ಶಾಲೆಗೆ ದಿನಕ್ಕೆರಡು ಸಲ ಹೀಗೆ ತುಳಿಯುವ ಮಗು ಕೊನೆಗೆ "ಸೈಕಲ್ ಭಾರ" ಎನ್ನುತ್ತದೆ. ಸೈಕಲ್ ಮೂಲೆ ಸೇರುತ್ತದೆ, ಅಲ್ಲಿಂದ ಗುಜರಿಗೆ. ಫ್ರೇಮ್ ಗಟ್ಟಿಯಾಗಿದೆ, ಚಕ್ರ ತಿರುಗುತ್ತಿದೆ, ಚೈನು ಸರಿಯಿದೆ. ಒಂದು ಕೊಳವೆ ಇನ್ನೊಂದು ಕೊಳವೆಯೊಳಗೆ ಕಚ್ಚಿಕೊಂಡ ಒಂದೇ ಕಾರಣಕ್ಕೆ ಇಡೀ ಸೈಕಲ್ ಹೋಗುತ್ತದೆ. ಬೆಂಗಳೂರಿನಲ್ಲಿ ಹಳೆಯ ವಿದೇಶಿ ಸ್ಟೀಲ್ ಫ್ರೇಮುಗಳನ್ನು ಪ್ರೀತಿಯಿಂದ ಹುಡುಕಿ ತರುವ ಸವಾರರೂ ಇದೇ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಫ್ರೇಮ್ ಸಿಕ್ಕಿತೆಂದು ಖುಷಿಯಲ್ಲಿ ಮನೆಗೆ ತಂದು ಕ್ಲಾಂಪ್ ಬಿಚ್ಚಿದರೆ, ಹಿಂದಿನ ಮಾಲೀಕರು ಮೂವತ್ತು ವರ್ಷದ ಹಿಂದೆ ಇಳಿಸಿದ ಸೀಟ್‌ಪೋಸ್ಟ್, ಅಂದರೆ ಸೀಟನ್ನು ಹೊತ್ತ ದಂಡ, ಇದ್ದಲ್ಲೇ ಬೇರು ಬಿಟ್ಟಿರುತ್ತದೆ.

ಅಲ್ಲಿಂದಾಚೆ ನಡೆಯುವುದು ಸಾಮಾನ್ಯವಾಗಿ ಬಲಪ್ರಯೋಗ. ಸೀಟನ್ನು ಹಿಡಿದು ಎಡಕ್ಕೆ ಬಲಕ್ಕೆ ತಿರುಚುವುದು, ಕೆಳಗಿನಿಂದ ಸುತ್ತಿಗೆ, ಆಮೇಲೆ ಪೈಪ್ ಪಾನ, ಅದೂ ಆಗದಿದ್ದರೆ ಗ್ಯಾಸ್ ವೆಲ್ಡಿಂಗ್ ಅಂಗಡಿಯ ಬೆಂಕಿ. ಈ ಒಂದೊಂದೂ ಯಾವುದೋ ಒಂದು ಸಂದರ್ಭಕ್ಕೆ ಸರಿಯಾದ ಮದ್ದೇ. ಬೇರೆ ಸಂದರ್ಭದಲ್ಲಿ ಅದೇ ಮದ್ದು ಫ್ರೇಮನ್ನು ಕೊಲ್ಲುತ್ತದೆ. ಸುತ್ತಿಗೆ ಎತ್ತಿಕೊಳ್ಳುವ ಮುಂಚೆ ತಿಳಿಯಬೇಕಾದದ್ದು ಒಂದೇ: ಒಳಗಿನ ದಂಡ ಯಾವ ಲೋಹದ್ದು, ಅದನ್ನು ಹಿಡಿದಿರುವ ಫ್ರೇಮಿನ ಕೊಳವೆ, ಅಂದರೆ ಸೀಟ್ ಟ್ಯೂಬು, ಯಾವುದರದ್ದು? ಒಂದು ಅಯಸ್ಕಾಂತದ ತುಂಡು ಸಾಕು. ಎರಡಕ್ಕೂ ಅಂಟಿದರೆ ಸ್ಟೀಲಿನೊಳಗೆ ಸ್ಟೀಲು. ಫ್ರೇಮಿಗೆ ಅಂಟಿ ದಂಡಕ್ಕೆ ಅಂಟದಿದ್ದರೆ ಬಹುಪಾಲು ಸ್ಟೀಲಿನೊಳಗೆ ಅಲ್ಯೂಮಿನಿಯಂ. ಎರಡಕ್ಕೂ ಅಂಟದಿದ್ದರೆ ಅಲ್ಯೂಮಿನಿಯಂ, ಕಾರ್ಬನ್, ಅಪರೂಪಕ್ಕೆ ಟೈಟಾನಿಯಂ, ಇವುಗಳ ಯಾವುದೋ ಜೋಡಿ.

ನಮ್ಮ ಹಳ್ಳಿಯ ಸೈಕಲ್ಲುಗಳು ಹೆಚ್ಚಾಗಿ ಮೊದಲನೆಯ ಗುಂಪಿನವು. ಅಲ್ಲಿ ಕಚ್ಚಿಸುವುದು ನಮಗೆಲ್ಲ ಗೊತ್ತಿರುವ ತುಕ್ಕು. ಕ್ರೋಮಿಯಂ ಲೇಪನ ಸವೆದ ಕಡೆ ನೀರು ಸೇರಿ ಕಬ್ಬಿಣ ತುಕ್ಕಾಗುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ದಂಡಕ್ಕೂ ಕೊಳವೆಗೂ ನಡುವೆ ಇರುವ ಸಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ ಆದ್ದರಿಂದ ಅದು ತುಂಬಲು ಬಹಳ ಕಾಲ ಬೇಕಿಲ್ಲ. ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಮರದ ಬಾಗಿಲನ್ನು ನೆನೆದರೆ ಒಳಗೆ ಏನಾಗಿದೆ ಎಂಬುದು ಅರ್ಥವಾಗುತ್ತದೆ. ವ್ಯತ್ಯಾಸವೆಂದರೆ ಬಾಗಿಲು ಬೇಸಿಗೆಯಲ್ಲಿ ಒಣಗಿ ಬಿಟ್ಟುಕೊಡುತ್ತದೆ, ತುಕ್ಕು ಬಿಟ್ಟುಕೊಡುವುದಿಲ್ಲ.

ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ದಂಡ ಇದ್ದಾಗ ಕಥೆ ಇನ್ನೂ ಆಳ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆಯಿಂದ ಅದಕ್ಕೆ ಗ್ರೀಸೇ ಹಚ್ಚದೆ ಕೂರಿಸುವವರಿದ್ದಾರೆ. ಒಂಟಿಯಾಗಿದ್ದಾಗ ಅದು ತನ್ನ ಮೈಮೇಲೆ ತೆಳುವಾದ ಆಕ್ಸೈಡ್ ಪೊರೆ ಬೆಳೆಸಿಕೊಂಡು ಸುರಕ್ಷಿತವಾಗಿರುತ್ತದೆ, ನಿಜ. ಸ್ಟೀಲಿನ ಪಕ್ಕದಲ್ಲಿ, ಉಪ್ಪಿನಂಶದ ತೇವದಲ್ಲಿ ಕೂರಿಸಿದಾಗ ಹಾಗಲ್ಲ. 1800ರಲ್ಲಿ ಇಟಲಿಯ ವೋಲ್ಟಾ ಎರಡು ಬೇರೆ ಬೇರೆ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆದ ವಸ್ತು ಇಟ್ಟು ವಿದ್ಯುತ್ ಹರಿಸಿದನಲ್ಲ, ಅದೇ ಏರ್ಪಾಡು ಸೀಟಿನ ಕೆಳಗೆ ಸಿದ್ಧವಾಗುತ್ತದೆ. ಎರಡರಲ್ಲಿ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವುದು ಅಲ್ಯೂಮಿನಿಯಂ. ಹಾಗಾಗಿ ಕರಗುವ ಪಾಡೂ ಅದರದ್ದೇ, ಸ್ಟೀಲು ಅದರ ಖರ್ಚಿನಲ್ಲಿ ಉಳಿದುಕೊಳ್ಳುತ್ತದೆ. ಕರಗಿದ ಅಲ್ಯೂಮಿನಿಯಂ ನೀರಿನೊಡನೆ ಸೇರಿ ಹೈಡ್ರಾಕ್ಸೈಡ್ ಎಂಬ ಬಿಳಿ ಪುಡಿಯಾಗುತ್ತದೆ. ಮೂಲ ಲೋಹಕ್ಕಿಂತ ಇದರ ಗಾತ್ರ ಸುಮಾರು ಮೂರು ಪಟ್ಟು. ಹೊರಗೆ ಹೋಗಲು ದಾರಿಯಿಲ್ಲದ ಪುಡಿ ಸಂದಿನಲ್ಲೇ ಗಟ್ಟಿಗೊಳ್ಳುತ್ತದೆ. ಕಾರ್ಬನ್ ನಾರು ಈ ವಿಷಯದಲ್ಲಿ ಸ್ಟೀಲಿಗಿಂತ ಕಠಿಣ. ಅದರ ಪಕ್ಕ ಕೂತ ಅಲ್ಯೂಮಿನಿಯಂ ಇನ್ನೂ ಬೇಗ ಕರಗುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ದುಬಾರಿ ಕಾರ್ಬನ್ ಸೀಟ್‌ಪೋಸ್ಟ್ ಹಾಕಿದವರು ಇದನ್ನು ಗಮನದಲ್ಲಿಡಬೇಕು. ಅಲ್ಲಿ ಸವೆಯುವುದು ದಂಡವಲ್ಲ, ಫ್ರೇಮೇ.

ಬ್ರಿಟಿಷ್ ನೌಕಾಪಡೆ ಈ ಪಾಠವನ್ನು ಬಹಳ ಹಿಂದೆಯೇ ಕಲಿತಿತ್ತು. ಹಡಗಿನ ಮರವನ್ನು ಕೊರೆಯುವ ಹುಳುಗಳಿಂದ ರಕ್ಷಿಸಲು 1761ರಲ್ಲಿ ಅಲಾರ್ಮ್ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸ್ ಕಡೆಗೆ ಕಳಿಸಿದರು. 1763ರಲ್ಲಿ ವಾಪಸು ಬಂದಾಗ ನೋಡಿದರೆ ಹುಳು ಮುಟ್ಟಿರಲಿಲ್ಲ, ಆದರೆ ತಾಮ್ರದ ಸಂಪರ್ಕಕ್ಕೆ ಬಂದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಕೆಲವು ಮೊಳೆಗಳು ಮಾತ್ರ ಚೆನ್ನಾಗಿದ್ದವು. ತಾಮ್ರದ ತಗಡಿಗೆ ಸುತ್ತಿ ತಂದಿದ್ದ ಕಂದು ಕಾಗದವನ್ನು ಕೆಲವೆಡೆ ತೆಗೆಯದೆ ಹಾಗೇ ಹೊಡೆದಿದ್ದರು. ಆ ಕಾಗದ ಎರಡು ಲೋಹಗಳನ್ನು ಬೇರ್ಪಡಿಸಿದ ಕಡೆಗಳಲ್ಲಿ ಮೊಳೆ ಉಳಿದಿತ್ತು. ಸೀಟ್‌ಪೋಸ್ಟಿಗೆ ಹಚ್ಚುವ ಗ್ರೀಸು ಮಾಡುವ ಮುಖ್ಯ ಕೆಲಸವೂ ಆ ಕಾಗದದ್ದೇ. ದಂಡ ಸಲೀಸಾಗಿ ಜಾರಲಿ ಎಂಬುದು ಎರಡನೆಯ ಮಾತು. ಲೋಹಕ್ಕೆ ಲೋಹ ತಾಗದಿರಲಿ, ನಡುವೆ ನೀರು ನಿಲ್ಲದಿರಲಿ ಎಂಬುದು ಮೊದಲನೆಯದು.

ನೀರು ಬರುವ ದಾರಿಯನ್ನೂ ಒಮ್ಮೆ ನೋಡಿಕೊಳ್ಳಿ. ಬಹುತೇಕ ಫ್ರೇಮುಗಳಲ್ಲಿ ಸೀಟ್ ಟ್ಯೂಬಿನ ಮೇಲ್ತುದಿಯನ್ನು ಸೀಳಿರುತ್ತಾರೆ, ಕ್ಲಾಂಪ್ ಬಿಗಿದಾಗ ಅದು ಮುಚ್ಚಿಕೊಂಡು ದಂಡವನ್ನು ಹಿಡಿಯಲಿ ಎಂದು. ಆ ಸೀಳು ಸಾಮಾನ್ಯವಾಗಿ ಹಿಂಬದಿಗೆ, ನೇರ ಹಿಂದಿನ ಚಕ್ರದ ಎದುರಿಗೆ ಇರುತ್ತದೆ. ಮಡ್‌ಗಾರ್ಡ್ ಇಲ್ಲದ ಸೈಕಲ್ಲಿನಲ್ಲಿ ಟಯರ್ ಎರಚುವ ಕೊಚ್ಚೆಯೆಲ್ಲ ಅದರೊಳಗೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಗಾಳಿಯಲ್ಲೇ ಉಪ್ಪಿದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ. ಅಲ್ಲಿ ಎರಡು ಮಳೆಗಾಲ ಕಳೆಯುವವರೆಗೆ ಸೀಟನ್ನು ಅಲುಗಾಡಿಸದೆ ಬಿಟ್ಟರೆ ಮೂರನೆಯ ವರ್ಷ ಅದು ಅಲುಗುವ ಭರವಸೆ ಇಲ್ಲ. ಬಯಲುಸೀಮೆಯಲ್ಲಿ ಮಳೆ ಕಡಿಮೆ, ದೂಳು ಹೆಚ್ಚು. ಮನೆಯೊಳಗೆ ಸೈಕಲ್ಲನ್ನು ಸ್ಟ್ಯಾಂಡಿಗೆ ಕಟ್ಟಿ ವ್ಯಾಯಾಮ ಮಾಡುವವರಿಗೆ ಮಳೆಯೇ ಬೇಡ, ಬೆವರು ಸಾಕು.

ಬಿಡಿಸುವ ಕೆಲಸಕ್ಕೆ ಬರೋಣ. ಮೊದಲ ದಿನ ಮಾಡಬೇಕಾದದ್ದು ಎಣ್ಣೆ ಇಳಿಸುವುದು ಮತ್ತು ಕಾಯುವುದು, ಅಷ್ಟೇ. ಕ್ಲಾಂಪನ್ನು ಪೂರ್ತಿ ಬಿಚ್ಚಿ ತೆಗೆಯಿರಿ. ಸೀಳಿನೊಳಗೆ ಸ್ಕ್ರೂಡ್ರೈವರಿನ ತುದಿ ಇಟ್ಟು ಒಂದಿಷ್ಟೇ ಅಗಲಿಸಿ. ಹೆಚ್ಚು ಅಗಲಿಸಿದರೆ ಸೀಳಿನ ಬುಡದಲ್ಲಿ ಬಿರುಕು ಬಿಡುತ್ತದೆ. ಸ್ಟೀಲಿನೊಳಗೆ ಸ್ಟೀಲಾದರೆ ತುಕ್ಕಿಗೆ ಇಳಿಯುವ ತೆಳು ಎಣ್ಣೆ ಬೇಕು. ಸೈಕಲ್ ಶಾಪುಗಳಲ್ಲಿ ಹಿಂದಿನಿಂದಲೂ ಬಳಸುವ ಸೀಮೆಎಣ್ಣೆ ಅಥವಾ ಡೀಸೆಲ್ ನಡೆಯುತ್ತದೆ, ಅಂಗಡಿಯಲ್ಲಿ ಸಿಗುವ ಪೆನಿಟ್ರೇಟಿಂಗ್ ಆಯಿಲ್ ಇನ್ನೂ ಒಳ್ಳೆಯದು. ಮೇಲಿನಿಂದ ಮಾತ್ರ ಹಾಕಿದರೆ ಎಣ್ಣೆ ಅಂಚಿನಲ್ಲೇ ನಿಲ್ಲುತ್ತದೆ. ಸೀಟ್ ಟ್ಯೂಬಿನ ಮೇಲೆ ನೀರಿನ ಬಾಟಲಿ ಹಿಡಿಯುವ ಪಂಜರವಿದ್ದರೆ ಅದರ ಎರಡು ಸ್ಕ್ರೂ ಬಿಚ್ಚಿ, ಸೈಕಲ್ಲನ್ನು ತಲೆಕೆಳಗು ಮಾಡಿ, ಆ ತೂತುಗಳಿಂದ ಎಣ್ಣೆ ಬಿಡಿ. ಅದು ದಂಡದ ಕೆಳತುದಿಗೆ ಹೋಗಿ ನಿಂತು ಮೆಲ್ಲಗೆ ಇಳಿಯುತ್ತದೆ. ಪಂಜರವಿಲ್ಲದ ಹಳೆಯ ಮಾದರಿಗಳಲ್ಲಿ ಪೆಡಲ್ ಅಚ್ಚನ್ನು ಬಿಚ್ಚಿ ಕೆಳಗಿನಿಂದ ಬಿಡಬೇಕು. ದಿನಕ್ಕೆರಡು ಸಲ ಎಣ್ಣೆ ಹಾಕಿ, ಸೀಟ್ ಟ್ಯೂಬಿನ ಸುತ್ತ ಮರದ ತುಂಡು ಅಡ್ಡವಿಟ್ಟು ಹಗುರವಾಗಿ ತಟ್ಟುತ್ತ, ಮೂರು ನಾಲ್ಕು ದಿನ ಬಿಡಿ. ತಟ್ಟಿದ ಕಂಪನಕ್ಕೆ ತುಕ್ಕಿನ ಪದರದಲ್ಲಿ ಕೂದಲೆಳೆಯ ಬಿರುಕು ಬಿದ್ದು ಎಣ್ಣೆಗೆ ದಾರಿ ಸಿಗುತ್ತದೆ. ಈ ಕಾಯುವಿಕೆಯನ್ನು ದಾಟಿ ನೇರ ಪೈಪ್ ಪಾನಕ್ಕೆ ಕೈ ಹಾಕುವುದರಿಂದಲೇ ಅರ್ಧಕ್ಕರ್ಧ ಫ್ರೇಮುಗಳು ಹಾಳಾಗುವುದು ಎಂದು ನನ್ನ ಬಲವಾದ ಅಭಿಪ್ರಾಯ.

ಅಲ್ಯೂಮಿನಿಯಂ ದಂಡಕ್ಕೆ ಎಣ್ಣೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆ ಬಿಳಿ ಪುಡಿಯನ್ನು ಎಣ್ಣೆ ಕರಗಿಸದು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿದ್ದ ಷೆಲ್ಡನ್ ಬ್ರೌನ್ (1944–2008) ಎಂಬ ಮೆಕ್ಯಾನಿಕ್ ಸೈಕಲ್ ರಿಪೇರಿಯ ಬಗ್ಗೆ ಜಗತ್ತಿನ ಎಷ್ಟೋ ಜನರಿಗೆ ಗುರುವಾಗಿದ್ದವರು. ಇಂಥ ಕಡೆ ಅವರು ಸೂಚಿಸಿದ್ದು ಅಮೋನಿಯಾ ದ್ರಾವಣ. ಅದು ಅಲ್ಯೂಮಿನಿಯಂ ಆಕ್ಸೈಡಿನ ಹಿಡಿತ ಸಡಿಲಿಸುತ್ತದೆ. ಅದರ ಘಾಟು ಕಣ್ಣು ಮೂಗಿಗೆ ಕೆಟ್ಟದ್ದು, ಬಯಲಿನಲ್ಲೇ ಬಳಸಬೇಕು. ಬ್ಲೀಚಿಂಗ್ ಪುಡಿಯ ಹತ್ತಿರ ಸುಳಿಯಗೊಡಬಾರದು, ಅವೆರಡು ಸೇರಿದರೆ ಹುಟ್ಟುವುದು ವಿಷಾನಿಲ.

ಬೆಂಕಿಯ ವಿಷಯದಲ್ಲಿ ಅವಸರ ಬೇಡ. ಯಾವುದು ಜಾಮ್ ಆದರೂ ಕಾಯಿಸು ಎಂಬುದು ವರ್ಕ್‌ಶಾಪುಗಳ ಹಳೆಯ ವಾಡಿಕೆ. ಪ್ರತಿ ಡಿಗ್ರಿ ಶಾಖಕ್ಕೆ ಸ್ಟೀಲು ತನ್ನ ಅಳತೆಯ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಹಿಗ್ಗಿದರೆ, ಅಲ್ಯೂಮಿನಿಯಂ 23 ಭಾಗದಷ್ಟು ಹಿಗ್ಗುತ್ತದೆ. ಸ್ಟೀಲ್ ಕೊಳವೆಯೊಳಗಿನ ಅಲ್ಯೂಮಿನಿಯಂ ದಂಡವನ್ನು ಕಾಯಿಸಿದರೆ ಒಳಗಿನದ್ದೇ ಹೆಚ್ಚು ಉಬ್ಬಿ ಇನ್ನಷ್ಟು ಬಿಗಿಯಾಗುತ್ತದೆ. ಇಲ್ಲಿ ಬೇಕಾದದ್ದು ತಂಪು. ಸೀಟು ಬಿಚ್ಚಿ, ದಂಡದ ಮೇಲ್ತುದಿ ತೆರೆದಿದ್ದರೆ, ಅದರೊಳಗೆ ಡ್ರೈ ಐಸ್ ಚೂರು ತುಂಬಬಹುದು. ಅದರ ಉಷ್ಣತೆ ಸೊನ್ನೆಗಿಂತ 78 ಡಿಗ್ರಿ ಕೆಳಗೆ. ಟಯರಿಗೆ ಗಾಳಿ ತುಂಬಲು ಸವಾರರು ಒಯ್ಯುವ ಕಾರ್ಬನ್ ಡೈಆಕ್ಸೈಡ್ ಡಬ್ಬಿಯನ್ನು ಒಳಗೆ ಊದಿದರೂ ಒಂದು ಮಟ್ಟಿಗೆ ಆಗುತ್ತದೆ. 27.2 ಮಿ.ಮೀ. ವ್ಯಾಸದ ದಂಡ 60 ಡಿಗ್ರಿ ತಣಿದರೆ ಕುಗ್ಗುವುದು ಮಿಲಿಮೀಟರಿನ ನೂರನೇ ನಾಲ್ಕು ಭಾಗ ಮಾತ್ರ. ಕಣ್ಣಿಗೆ ಕಾಣದ ಅಳತೆ, ಆದರೆ ಪುಡಿಯ ಪದರ ಬಿರಿಯಲು ಬಹಳ ಸಲ ಅಷ್ಟು ಸಾಕು. ಡ್ರೈ ಐಸನ್ನು ಬರಿಗೈಯಲ್ಲಿ ಮುಟ್ಟಬಾರದು, ಮುಚ್ಚಿದ ಕೋಣೆಯಲ್ಲಿ ಬಳಸಬಾರದು. ಬೆಂಕಿ ಉಪಯೋಗಕ್ಕೆ ಬರುವುದು ಸ್ಟೀಲಿನೊಳಗೆ ಸ್ಟೀಲು ಇದ್ದಾಗ: ಹೊರಗಿನ ಕೊಳವೆಯನ್ನು ಬೇಗ ಬೇಗ ಕಾಯಿಸಿದರೆ ಒಳಗಿನದ್ದಕ್ಕೆ ಶಾಖ ಮುಟ್ಟುವ ಮುಂಚೆ ಅದು ಹಿಗ್ಗುತ್ತದೆ. ಬಣ್ಣ ಸುಡುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಎಣ್ಣೆ, ಸೀಮೆಎಣ್ಣೆ ಹಾಕಿದ ಮೇಲೆ ಬೆಂಕಿ ತಾಗಿಸುವುದು ಅಪಾಯ, ಮೊದಲು ಪೂರ್ತಿ ಒರೆಸಿ ಒಣಗಿಸಬೇಕು. ಕಾರ್ಬನ್ ಇರುವ ಕಡೆ ಬೆಂಕಿಯ ಮಾತೇ ಬೇಡ. ನಾರುಗಳನ್ನು ಹಿಡಿದಿರುವ ಅಂಟು ಮೆದುವಾದರೆ ಆ ಭಾಗವನ್ನು ಮತ್ತೆ ನಂಬಲಾಗುವುದಿಲ್ಲ.

ಇಷ್ಟಾದ ಮೇಲೆ ಬಲ. ಬಲವನ್ನು ಮೇಲಕ್ಕೆ ಎಳೆಯಲು ಹಾಕಬೇಡಿ, ತಿರುಚಲು ಹಾಕಿ. ಹತ್ತು ಸೆಂಟಿಮೀಟರ್ ಒಳಗಿರುವ ದಂಡದ ಮೈ ಸುಮಾರು 85 ಚದರ ಸೆಂಟಿಮೀಟರ್ ಕೊಳವೆಗೆ ಅಂಟಿಕೊಂಡಿರುತ್ತದೆ. ಎಳೆದು ಅದನ್ನು ಬಿಡಿಸಲು ಮನುಷ್ಯನ ತೋಳು ಸಾಲದು. ತಿರುಚುವಾಗ ಸನ್ನೆಯ ಲಾಭ ಸಿಗುತ್ತದೆ. ಅದಕ್ಕೆ ಉಳಿದೆಲ್ಲಕ್ಕಿಂತ ನಂಬಿಕೆಗೆ ಅರ್ಹವಾದ ಉಪಾಯ ಬೆಂಚ್ ವೈಸ್. ಸೀಟು ಬಿಚ್ಚಿ, ಚಕ್ರಗಳನ್ನು ಕಳಚಿ, ಫ್ರೇಮನ್ನು ತಲೆಕೆಳಗು ಮಾಡಿ, ದಂಡದ ತಲೆಯನ್ನು ನೆಲಕ್ಕೆ ಭದ್ರವಾಗಿ ಕೂರಿಸಿದ ದೊಡ್ಡ ವೈಸಿನಲ್ಲಿ ಕಚ್ಚಿಸಿ. ಈಗ ಫ್ರೇಮೇ ಸನ್ನೆ. ಸೀಟ್ ಟ್ಯೂಬಿನಿಂದ ಹ್ಯಾಂಡಲ್ ಕೊಳವೆಗೆ ಸುಮಾರು 55 ಸೆಂಟಿಮೀಟರ್, ದಂಡದ ತ್ರಿಜ್ಯ 1.36 ಸೆಂಟಿಮೀಟರ್. ಅಲ್ಲಿ ಹಾಕಿದ ಬಲ ಅಂಟಿದ ಮೈಗೆ ತಲುಪುವಾಗ ನಲವತ್ತು ಪಟ್ಟಾಗುತ್ತದೆ: 50 ಕಿಲೋ ತೂಕದ ಒತ್ತು ಎರಡು ಟನ್ನಾಗಿ ಕೂರುತ್ತದೆ. ಈ ಲೆಕ್ಕವೇ ಎಚ್ಚರಿಕೆಯನ್ನೂ ಹೇಳುತ್ತದೆ. ಒಬ್ಬರೇ ಮುಂಭಾಗವನ್ನು ಹಿಡಿದು ಜಗ್ಗಿದರೆ ಫ್ರೇಮ್ ತಿರುಚಿಕೊಳ್ಳಬಹುದು. ಇಬ್ಬರು ಬೇಕು, ಒಬ್ಬರು ಮುಂದೆ, ಇನ್ನೊಬ್ಬರು ಹಿಂಗಾಲುಗಳ ಕಡೆ, ಎದುರುಬದುರು ನಿಂತು ಫ್ರೇಮ್ ಒಂದೇ ದಿಕ್ಕಿಗೆ ತಿರುಗುವಂತೆ ತಳ್ಳಬೇಕು. ದಂಡದ ತಲೆ ಹಾಳಾಗುತ್ತದೆ. ಆಗಲಿ. ಉಳಿಸಬೇಕಾದದ್ದು ಫ್ರೇಮ್, ದಂಡ ಕಳೆದುಕೊಳ್ಳಬಹುದಾದ ವಸ್ತು ಎಂಬುದನ್ನು ಈ ಹಂತದಲ್ಲಿ ಮನಸ್ಸಿಗೆ ಗಟ್ಟಿ ಮಾಡಿಕೊಂಡರೆ ಮುಂದಿನ ನಿರ್ಧಾರಗಳೆಲ್ಲ ಸುಲಭ.

ಕಳೆದ ಮಳೆಗಾಲ ಮುಗಿದ ಮೇಲೆ ಉಡುಪಿಯ ಒಂದು ಸಣ್ಣ ಸೈಕಲ್ ಶಾಪಿನಲ್ಲಿ ಈ ಕೆಲಸವನ್ನು ಹತ್ತಿರ ನಿಂತು ನೋಡಿದೆ. ಹಸಿರು ಬಣ್ಣದ ಹಳೆಯ ಸ್ಟೀಲ್ ಫ್ರೇಮ್, ಅದರೊಳಗೆ ಅಲ್ಯೂಮಿನಿಯಂ ದಂಡ. ಎರಡು ದಿನ ಅಮೋನಿಯಾದಲ್ಲಿ ನೆನೆಸಿಟ್ಟಿದ್ದರು. ಮೇಸ್ತ್ರಿ ಮತ್ತು ಅವರ ಮಗ ಎರಡು ಬದಿಗೆ ನಿಂತು ನಿಧಾನಕ್ಕೆ ಒತ್ತಡ ಏರಿಸಿದರು. ಜರ್ಕ್ ಕೊಡಲಿಲ್ಲ. ಏನೂ ಆಗುತ್ತಿಲ್ಲ ಎನ್ನುವಾಗಲೇ "ಟಣ್" ಎಂದು ಗಟ್ಟಿಯಾದ ಸದ್ದು ಬಂತು, ನಾನು ಫ್ರೇಮೇ ಮುರಿಯಿತೆಂದುಕೊಂಡೆ. ಮೇಸ್ತ್ರಿ ತಲೆ ಎತ್ತಲಿಲ್ಲ, "ಬಿಟ್ಟಿತು" ಎಂದರು. ಫ್ರೇಮ್ ಒಂದು ಕೂದಲಿನಷ್ಟು ತಿರುಗಿತ್ತು. ಅಲ್ಲಿಂದ ಅವರು ಅವಸರ ಮಾಡಲಿಲ್ಲ. ಆ ಕಡೆಗೆ ಒಂದಿಷ್ಟು, ಈ ಕಡೆಗೆ ಒಂದಿಷ್ಟು, ನಡುನಡುವೆ ಎಣ್ಣೆ. ಮುಕ್ಕಾಲು ಗಂಟೆಯ ಮೇಲೆ ದಂಡ ಹೊರಬಂದಾಗ ಅದರ ಕೆಳಗಿನ ಅರ್ಧ ಬೂದು-ಬಿಳಿ ಬಣ್ಣದ ಒರಟು ಹೊರೆ ಹೊತ್ತಿತ್ತು, ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಪುಡಿ ಒರೆಸಿದ ಜಾಗದಲ್ಲಿ ಲೋಹದ ಮೇಲೆ ಸಣ್ಣ ಸಣ್ಣ ಗುಳಿಗಳು. ಕ್ಲಾಂಪಿನ ಕೆಳಗೆ, ಎಂದೋ ಯಾರೋ ಬೆರಳಿನಲ್ಲಿ ಹಚ್ಚಿದ್ದ ಗ್ರೀಸು ಒಂದು ಉಂಗುರದಷ್ಟು ಉಳಿದ ಕಡೆ ಮಾತ್ರ ಲೋಹ ಹೊಸದರಂತೆ ಹೊಳೆಯುತ್ತಿತ್ತು.

ವೈಸಿಗೂ ಬಗ್ಗದಿದ್ದರೆ? ಸುತ್ತಿಗೆಯಿಂದ ಕೆಳಗಿನಿಂದ ಹೊಡೆಯುವುದು ಎಲ್ಲರಿಗೂ ತೋಚುವ ದಾರಿ. ಪೆಡಲ್ ಅಚ್ಚು ಬಿಚ್ಚಿ, ಸೀಟ್ ಟ್ಯೂಬು ಕೆಳಗೆ ತೆರೆದಿದ್ದರೆ, ಉದ್ದ ಸರಳು ತೂರಿಸಿ ಹೊಡೆಯಬಹುದು. ಆದರೆ ಹೊಡೆತದಿಂದ ತೆಳುವಾದ ಅಲ್ಯೂಮಿನಿಯಂ ದಂಡದ ಕೆಳತುದಿ ಅರಳಿಕೊಂಡು ಇನ್ನಷ್ಟು ಬಿಗಿಯಾಗುವುದೂ ಉಂಟು. ನಾನಂತೂ ಇದನ್ನು ಸ್ಟೀಲ್ ದಂಡಕ್ಕೆ ಮಾತ್ರ ಒಪ್ಪುತ್ತೇನೆ.

ಅದಕ್ಕಿಂತ ಗರಗಸವೇ ಮೇಲು. ತಾಳ್ಮೆಯ ಕೆಲಸ, ಆದರೆ ಬೇಕಾದದ್ದು ಒಂದು ಹ್ಯಾಕ್ಸಾ ಬ್ಲೇಡು ಮಾತ್ರ. ದಂಡವನ್ನು ಫ್ರೇಮಿನ ಮೇಲೆ ಎರಡು ಬೆರಳು ಉಳಿಸಿ ಕತ್ತರಿಸಿ. ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡು, ಇನ್ನೊಂದು ತುದಿಯನ್ನು ದಂಡದೊಳಗೆ ಇಳಿಸಿ, ಒಳಗಿನಿಂದ ಹೊರಕ್ಕೆ ಉದ್ದಕ್ಕೂ ಒಂದು ಸೀಳು ಹಾಕುತ್ತ ಹೋಗಬೇಕು. ಅದರ ಪಕ್ಕ ಒಂದು ಸೆಂಟಿಮೀಟರ್ ಬಿಟ್ಟು ಎರಡನೆಯ ಸೀಳು. ಆ ಎರಡರ ನಡುವಿನ ಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಒಳಕ್ಕೆ ಮೀಟಿ ತೆಗೆದರೆ ಉಳಿದದ್ದು ಇಕ್ಕಳಕ್ಕೆ ಸಿಕ್ಕಿ ಸುರುಳಿಯಾಗಿ ಹೊರಬರುತ್ತದೆ. ಅಪಾಯ ಇರುವುದು ಆಳದಲ್ಲಿ. ಹಳೆಯ ಒಳ್ಳೆಯ ಸ್ಟೀಲ್ ಫ್ರೇಮುಗಳಲ್ಲಿ ಸೀಟ್ ಟ್ಯೂಬಿನ ಹೊರ ವ್ಯಾಸ 28.6 ಮಿ.ಮೀ., ಒಳಗೆ ಕೂರುವ ದಂಡ 27.2. ಅಂದರೆ ಕೊಳವೆಯ ಗೋಡೆಯ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಬ್ಲೇಡು ಅದಕ್ಕೆ ಗೀರಿದರೆ ಮುಂದೊಂದು ದಿನ ಬಿರುಕು ಅಲ್ಲಿಂದಲೇ ಶುರು. ಕಿವಿ ಕೊಟ್ಟು ಕೊಯ್ಯಬೇಕು: ಅಲ್ಯೂಮಿನಿಯಂ ಮೆತ್ತಗೆ ಕೊಯ್ಯುತ್ತದೆ, ಬೆಳ್ಳಗಿನ ಹೊಳೆಯುವ ಪುಡಿ ಬೀಳುತ್ತದೆ. ಸ್ಟೀಲು ತಾಗಿದ ಕೂಡಲೇ ಸದ್ದು ಕೀರಲಾಗುತ್ತದೆ, ಪುಡಿ ಕಪ್ಪಾಗುತ್ತದೆ. ಅಲ್ಲಿ ನಿಲ್ಲಿಸಬೇಕು. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಮಷೀನ್ ಶಾಪಿನವರು ಇದನ್ನೇ ಬೋರಿಂಗ್ ಮಷೀನಿನಲ್ಲಿ ಅಚ್ಚುಕಟ್ಟಾಗಿ ಮಾಡಿಕೊಡಬಲ್ಲರು. ಬೆಲೆಬಾಳುವ ಫ್ರೇಮಾದರೆ ಅವರ ಕೂಲಿ ಕೊಡುವುದೇ ಲೇಸು. ಕಾರ್ಬನ್ ದಂಡ ಅಲ್ಯೂಮಿನಿಯಂ ಫ್ರೇಮಿನಲ್ಲಿ ಸಿಕ್ಕಿದ್ದರೆ ಮಾತ್ರ ನೇರ ಅವರ ಬಳಿಗೇ ಹೋಗಿ. ಕಾರ್ಬನ್ ಕೊಯ್ದ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಕೊನೆಯದು ಕಾಸ್ಟಿಕ್ ಸೋಡಾ. ಇದು ಅಲ್ಯೂಮಿನಿಯಮನ್ನು ಕರಗಿಸುತ್ತದೆ, ಸ್ಟೀಲನ್ನು ಮುಟ್ಟುವುದಿಲ್ಲ. ಫ್ರೇಮು ಅಲ್ಯೂಮಿನಿಯಂದಾದರೆ ಅದನ್ನೂ ತಿನ್ನುತ್ತದೆ ಎಂಬುದು ಹೇಳದೆಯೇ ಗೊತ್ತಾಗಬೇಕು. ಕರಗುವಾಗ ಹೈಡ್ರೋಜನ್ ಅನಿಲ ನೊರೆನೊರೆಯಾಗಿ ಏಳುತ್ತದೆ, ದ್ರಾವಣ ತಾನಾಗಿ ಕಾದು ಕುದಿಯುತ್ತದೆ. ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಯಲು ಜಾಗ, ಕನ್ನಡಕ, ಉದ್ದ ರಬ್ಬರ್ ಗ್ಲೌಸು, ಹತ್ತಿರ ಬೀಡಿ-ಸಿಗರೇಟು ಸಹ ಇರಬಾರದು, ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾಕ್ಕೆ ನೀರಲ್ಲ. ಸೀಟ್ ಟ್ಯೂಬಿನ ಕೆಳಬಾಯಿ, ಬಾಟಲಿ ಸ್ಕ್ರೂಗಳ ತೂತು ಎಲ್ಲ ಬಿರಡೆ ಹಾಕಿ ಮುಚ್ಚಿರಬೇಕು. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಎದ್ದು ಬರುತ್ತದೆ. ಕೆಲಸ ಮುಗಿದ ಮೇಲೆ ಧಾರಾಳ ನೀರಿನಲ್ಲಿ ತೊಳೆದು ವಿನೆಗರ್ ಹಾಕಿ ಮತ್ತೆ ತೊಳೆಯಬೇಕು. ಇದು ಕೆಲಸ ಮಾಡುವುದರಲ್ಲಿ ಸಂಶಯವಿಲ್ಲ. ಮಕ್ಕಳಿರುವ ಮನೆಯ ಅಂಗಳದಲ್ಲಿ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಗರಗಸದಿಂದ ಒಂದು ದಿನದಲ್ಲಿ ಆಗುವ ಕೆಲಸಕ್ಕೆ ಕಣ್ಣನ್ನು ಪಣಕ್ಕಿಡಬೇಕಿಲ್ಲ.

ದಂಡ ಹೊರಬಂತು. ಹೊಸದನ್ನು ಕೂರಿಸುವ ಮುಂಚೆ ಕೊಳವೆಯ ಒಳಮೈಯನ್ನು, ಮರದ ಕೋಲಿಗೆ ಮರಳು ಕಾಗದ ಸುತ್ತಿ, ಪುಡಿ ತುಕ್ಕು ಹೋಗುವಷ್ಟು ಉಜ್ಜಬೇಕು. ಸೀಳಿನ ಅಂಚಿನಲ್ಲಿ ಒಳಕ್ಕೆ ಮಡಚಿದ ಚೂಪು ಇದ್ದರೆ ಅರದಿಂದ ಸವರಬೇಕು. ಆಮೇಲೆ ಅಳತೆ. ಸೀಟ್‌ಪೋಸ್ಟುಗಳ ವ್ಯಾಸ 0.2 ಮಿ.ಮೀ. ಅಂತರದಲ್ಲಿ ಬದಲಾಗುತ್ತದೆ: 26.8, 27.0, 27.2. ಅಂಗಡಿಯಲ್ಲಿ ಕಣ್ಣಂದಾಜಿನಲ್ಲಿ ಕೊಟ್ಟ ಒಂದು ಅಳತೆ ದೊಡ್ಡ ದಂಡವನ್ನು ಹೊಡೆದು ಕೂರಿಸಿದ್ದೇ ಎಷ್ಟೋ ಜಾಮ್‌ಗಳ ಮೂಲ. ಚಿಕ್ಕದು ಹಾಕಿದರೆ ಕ್ಲಾಂಪನ್ನು ಅತಿಯಾಗಿ ಬಿಗಿಯಬೇಕಾಗಿ ಸೀಟ್ ಟ್ಯೂಬಿನ ತುದಿಯೇ ಜಜ್ಜಿಹೋಗುತ್ತದೆ. ಹಳೆಯ ದಂಡದ ಮೇಲೆ ಕೆತ್ತಿರುವ ಅಂಕಿಯನ್ನು ಓದಿ, ವರ್ನಿಯರ್‌ನಲ್ಲಿ ಅಳೆದು, ಅದೇ ಅಳತೆಯದನ್ನೇ ಕೇಳಿ ಪಡೆಯಿರಿ. ದಂಡದ ಮೇಲೆ ಅಡ್ಡಗೆರೆಗಳಿಂದ ಗುರುತು ಮಾಡಿದ ಮಿನಿಮಮ್ ಇನ್ಸರ್ಷನ್ ರೇಖೆ ಸವಾರ ಎಷ್ಟೇ ಎತ್ತರದವನಾದರೂ ಫ್ರೇಮಿನ ಹೊರಗೆ ಕಾಣಬಾರದು. ಕಂಡರೆ ಉದ್ದದ ದಂಡ ಬೇಕೆಂದು ಅರ್ಥ. ಇಲ್ಲವಾದರೆ ಸೀಟ್ ಟ್ಯೂಬಿನ ಕತ್ತು ಸೀಳಬಹುದು.

ಗ್ರೀಸು ಯಾವುದೇ ಆಗಲಿ, ಧಾರಾಳ ಇರಲಿ. ಸ್ಟೀಲಿನೊಳಗೆ ಸ್ಟೀಲಿಗೆ ಗಾಡಿಗಳ ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸು ಸಾಕು. ಅಲ್ಯೂಮಿನಿಯಂ ಇದ್ದರೆ ಆಂಟಿ-ಸೀಜ್ ಎಂದು ಮಾರುವ, ಲೋಹದ ಪುಡಿ ಬೆರೆತ ಪೇಸ್ಟು ಹೆಚ್ಚು ಕಾಲ ನಿಲ್ಲುತ್ತದೆ, ಮಳೆಗೆ ಬೇಗ ತೊಳೆದುಹೋಗುವುದಿಲ್ಲ. ಕಾರ್ಬನ್ ದಂಡಕ್ಕೆ ಗ್ರೀಸು ಹಚ್ಚಬಾರದು, ಅದು ಜಾರುತ್ತದೆ. ಅದಕ್ಕೆಂದೇ ಮರಳಿನಂತೆ ತರಿತರಿಯಾದ ಪೇಸ್ಟು ಸಿಗುತ್ತದೆ, ಕಡಿಮೆ ಬಿಗಿತದಲ್ಲೇ ಹಿಡಿದುಕೊಳ್ಳುತ್ತದೆ. ಕ್ಲಾಂಪಿನ ಬೋಲ್ಟನ್ನು 5–6 ನ್ಯೂಟನ್ ಮೀಟರಿನಷ್ಟು ಬಿಗಿದರೆ ಬಹುತೇಕ ಸೈಕಲ್ಲುಗಳಿಗೆ ಸರಿ. ವರ್ಷಕ್ಕೆರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ ಮತ್ತು ಮಳೆ ನಿಂತ ಮೇಲೆ ಒಮ್ಮೆ, ದಂಡವನ್ನು ಪೂರ್ತಿ ಹೊರತೆಗೆದು ಒರೆಸಿ ಹೊಸ ಗ್ರೀಸು ಹಚ್ಚಿ. ಎತ್ತರ ತಪ್ಪದಿರಲು ತೆಗೆಯುವ ಮುಂಚೆ ಕ್ಲಾಂಪಿನ ಮಟ್ಟಕ್ಕೆ ಇನ್ಸುಲೇಷನ್ ಟೇಪಿನ ಒಂದು ಸುತ್ತು ಹಾಕಿಕೊಳ್ಳಿ. ದಂಡ ಹೊರಗಿದ್ದಾಗಲೇ ಸೈಕಲ್ಲನ್ನು ತಲೆಕೆಳಗು ಹಿಡಿದರೆ ಪೆಡಲ್ ಅಚ್ಚಿನ ಬಳಿ ನಿಂತ ಮಳೆನೀರು ಸುರಿದುಹೋಗುತ್ತದೆ, ಕೆಲವು ಸಲ ಅರ್ಧ ಲೋಟದಷ್ಟು.

ಮಡ್‌ಗಾರ್ಡ್ ಇಲ್ಲದವರಿಗೆ ಇನ್ನೊಂದು ಕೆಲಸವಿದೆ. ಪಂಕ್ಚರ್ ಅಂಗಡಿಯಲ್ಲಿ ಎಸೆಯಲು ಇಟ್ಟ ಹಳೆಯ ಟ್ಯೂಬಿನಿಂದ ಮೂರು ಇಂಚಿನ ತುಂಡು ಕತ್ತರಿಸಿ ತನ್ನಿ. ಅದನ್ನು ದಂಡಕ್ಕೆ ಪೋಣಿಸಿ, ಕೂರಿಸಿ ಬಿಗಿದ ಮೇಲೆ ಕ್ಲಾಂಪನ್ನೂ ಹಿಂಬದಿಯ ಸೀಳನ್ನೂ ಮುಚ್ಚುವಂತೆ ಕೆಳಕ್ಕೆ ಎಳೆದುಬಿಡಿ. ಟಯರ್ ಎರಚುವ ನೀರು ರಬ್ಬರಿನ ಮೇಲೆಯೇ ಹರಿದು ಹೋಗುತ್ತದೆ. ಪೋಣಿಸುವುದು ದಂಡವನ್ನು ಫ್ರೇಮಿಗೆ ಇಳಿಸುವ ಮುಂಚೆಯೇ ಆಗಬೇಕು. ಆಮೇಲೆ ನೆನಪಾದರೆ ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ.